ಜವಳಗೇರಾದ ಹಿಡಿ ಹಿಟ್ಟು

ಇವತ್ತೂ ಬುಟ್ಟಿ ತುಂಬದಿದ್ದರೆ ಗುಡಿಸಲಿನವರ ಮುಖ ಹೇಗೆ ನೋಡಲಿ? ಗದ್ದೆಮ್ಮ ಇದನ್ನು ಯಾರ ಮುಂದೆಯೂ ಆಡುವುದಿಲ್ಲ, ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಜವಳಗೇರಾದಲ್ಲಿ ಇನ್ನೂ ನಸುಕು. ಕಂಕುಳಲ್ಲಿ ಬಿದಿರಿನ ಬುಟ್ಟಿ ಇಟ್ಟುಕೊಂಡು ಒಂದೊಂದೇ ಹೊಸ್ತಿಲ ಮುಂದೆ ನಿಲ್ಲುತ್ತಾಳೆ. ರೊಟ್ಟಿಗೆ ಹಿಟ್ಟು ನಾದುವ ಮುಂಚೆ ಒಂದು ಹಿಡಿ ಜೋಳದ ಹಿಟ್ಟು ತೆಗೆದಿಡುವುದು ಈ ಓಣಿಯ ಹಳೆಯ ರೂಢಿ. ಅವಳು ಬಾಯಿ ಬಿಟ್ಟು ಕೇಳುವುದಿಲ್ಲ. ಬಳೆ ಸದ್ದಾದರೆ ಸಾಕು, ಒಳಗಿನಿಂದ ಹಿಟ್ಟು ಬರುತ್ತದೆ.

"ಈಕಿ ಬಾಯಿಗೆ ಬೀಗ ಐತ್ರೀ. ಕೀಲಿ ತನ್ನೂರು ಮಸ್ಕ್ಯಾಗ ಬಿಟ್ಟು ಬಂದಾಳ," ಎಂದು ಪಕ್ಕದ ಮನೆಯ ಮಕ್ತುಂಬೀ ಛೇಡಿಸುತ್ತಾಳೆ. ಬಂದ ಹಿಟ್ಟಿನಲ್ಲಿ ಇಬ್ಬರೂ ಸೇರಿ ಮಕ್ತುಂಬೀಯ ಒಲೆಯ ಮೇಲೇ ರೊಟ್ಟಿ ಬಡಿಯುತ್ತಾರೆ.

ರೊಟ್ಟಿ ಹೋಗುವುದು ಶಾಲೆಯ ಗೋಡೆಗೆ ಆತುಕೊಂಡ ಗುಡಿಸಲುಗಳಿಗೆ. ಪ್ರತಿ ವರ್ಷ ಭತ್ತದ ನಾಟಿಗೆ ಲಿಂಗಸುಗೂರು ಕಡೆಯಿಂದ ಬರುವ ಕೂಲಿಯವರು ಅಲ್ಲಿ ಇಳಿಯುತ್ತಾರೆ. ಈ ಸಲ ಕಾಲುವೆಗೆ ನೀರು ತಡವಾಗಿದೆ. ನಾಟಿಯಿಲ್ಲ, ಕೂಲಿಯಿಲ್ಲ, ಕಟ್ಟಿಕೊಂಡು ಬಂದ ಜೋಳ ತಳ ಕಂಡಿದೆ.

ಎಂಬತ್ತೆರಡನೆಯ ಇಸವಿಯಲ್ಲಿ ಗದ್ದೆಮ್ಮನೂ ಹೀಗೇ ಮಸ್ಕಿ ಕಡೆಯಿಂದ ನಾಟಿಗೆ ಬಂದವಳು, ಇಲ್ಲೇ ನಿಂತಳು. ಹಗಲೆಲ್ಲ ಕಂಡವರ ಹೊಲದಲ್ಲಿ ಕಳೆ ಕೀಳುತ್ತಾಳೆ. "ಬಂದ ದಿನ ಗುರ್ತಿಲ್ದಾಕಿ ಒಬ್ಬಾಕಿ ಎರಡು ರೊಟ್ಟಿ ಉಡ್ಯಾಗ ಹಾಕಿ ಹೋದ್ಲು. ಹೆಸ್ರು ಕೇಳಾಕೂ ಆಗ್ಲಿಲ್ಲ ನೋಡ್ರಿ," ಎನ್ನುತ್ತಾಳೆ.

ಆಗ ಬುಟ್ಟಿ ಅರ್ಧ ಓಣಿ ದಾಟುವುದರೊಳಗೇ ತುಂಬುತ್ತಿತ್ತಂತೆ. ಈಗ ಕಾಲುವೆ ನೀರಿನ ಭತ್ತ ಜೋಳದ ಹೊಲಗಳಿಗೂ ಹಬ್ಬಿದೆ, ಉಳ್ಳವರ ಮನೆ ಅನ್ನಕ್ಕೆ ತಿರುಗಿದೆ. ಹಿಟ್ಟು ನಾದದ ಮನೆಯಲ್ಲಿ ಹಿಡಿ ತೆಗೆದಿಡುವ ನೆನಪೂ ಇಲ್ಲ. ನಿನ್ನೆ ಗುಡಿಸಲಿನ ಮಕ್ಕಳಿಗೆ ಅರ್ಧರ್ಧ ರೊಟ್ಟಿ ಬಂತು. ಮುದುಕರು ಹಸಿವಿಲ್ಲವೆಂದು ಗೋಡೆಯ ಕಡೆ ಹೊರಳಿ ಮಲಗಿದರು.

ಗ್ಯಾನಮ್ಮನದು ಓಣಿಯ ದೊಡ್ಡ ಮನೆ. ಒಳಗಿನಿಂದ ಅನ್ನ ಕುದಿಯುವ ವಾಸನೆ ಬರುತ್ತಿದೆ. ಬಳೆಯ ಸದ್ದಿಗೆ ಗ್ಯಾನಮ್ಮ ಹೊರಗೆ ಇಣುಕುತ್ತಾಳೆ.

"ನಾವು ರೊಟ್ಟಿ ಬಿಟ್ಟು ಎರಡು ವರ್ಷಾತಲ್ಲ ಬೇ! ದಿನಾ ಬಂದು ನಿಂತ್ರ ಹಿಟ್ಟೇನು ಕಾಲುವ್ಯಾಗ ಹರದು ಬರತೈತೇನು? ಮುಂದಿನ ಮನಿ ನೋಡು."

ಬೇರೆ ದಿನವಾಗಿದ್ದರೆ ಗದ್ದೆಮ್ಮ ಸುಮ್ಮನೆ ಮುಂದೆ ಹೋಗುತ್ತಿದ್ದಳು. ಇವತ್ತು ಹೋಗುವುದಿಲ್ಲ. ಬುಟ್ಟಿಯನ್ನು ಹೊಸ್ತಿಲ ಮೇಲೇ ಇಡುತ್ತಾಳೆ.

"ಹಿಟ್ಟಿಲ್ಲಂದ್ರ ಅಕ್ಕೀನ ಹಾಕ್ರಿ ಅವ್ವಾರ. ಅದನ್ನ ನಾಟಿ ಮಾಡಿದ ಮಂದೀನೇ ಅಲ್ಲಿ ಹಸ್ಕೊಂಡು ಕುಂತೈತಿ."