ಇಳಿಜಾರಿದ್ದಲ್ಲಿ ಸ್ನೇಹ

ಹಾವೇರಿಯಲ್ಲಿ ಈಗ ನನಗೆ ಉಳಿದಿರುವ ಗೆಳೆಯರೆಲ್ಲ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡವರು. ಗುಣ ನೋಡಿ ಗೆಳೆತನ ಮಾಡಿದೆ ಎಂದರೆ ಸುಳ್ಳಾದೀತು. ನನ್ನ ಮೋಟರ್ ಸೈಕಲ್ಲಿನ ಸೆಲ್ಫ್ ಬಟನ್ ಒತ್ತಿದರೆ ಅದು ಒಮ್ಮೆ 'ಟಿಕ್' ಎಂದು ಸುಮ್ಮನಾಗುತ್ತದೆ. ಗೇರ್ ಹಾಕಿ, ಕ್ಲಚ್ ಹಿಡಿದು, ಇಳಿಜಾರಿನಲ್ಲಿ ಉರುಳಲು ಬಿಟ್ಟು, ಫಕ್ಕನೆ ಕ್ಲಚ್ ಬಿಟ್ಟರೆ ಮಾತ್ರ ಕೆಮ್ಮುತ್ತ ಎದ್ದು ಓಡುತ್ತದೆ. ಹೀಗಾಗಿ ಸಪಾಟು ನೆಲದಲ್ಲಿ ವಾಸಿಸುವ ಸಜ್ಜನರೆಲ್ಲ ನನಗೆ ದೂರವಾದರು. ಚಹಾದಂಗಡಿಯೂ ಬದಲಾಯಿತು. ಈಗಿನ ಅಂಗಡಿಯ ಚಹಾ ಪಾತ್ರೆ ತೊಳೆದ ನೀರಿನಂತಿದೆ, ಆದರೆ ಮುಂದಿನ ರಸ್ತೆಯ ಇಳಿಜಾರು ಬಹಳ ಚೆನ್ನಾಗಿದೆ. ಮನೆಗೆ ಬಂದ ಮೇಲೂ ಗಾಡಿ ಬಾಗಿಲ ಮುಂದೆ ನಿಲ್ಲುವುದಿಲ್ಲ; ಓಣಿಯ ಮೇಲ್ತುದಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕ ನಿಲ್ಲುತ್ತದೆ. ಅದು ಮಾಸ್ತರರ ಜಾಗ ಎಂದು ಓಣಿಯವರೆಲ್ಲ ಒಪ್ಪಿಕೊಂಡಿದ್ದಾರೆ.

ಮಾಸ್ತರ ಎಂದರೆ ನಾನೇ. ಹತ್ತನೆಯ ತರಗತಿಗೆ ವಿಜ್ಞಾನ ಹೇಳುತ್ತೇನೆ. ವಿದ್ಯುತ್ತಿನ ಪಾಠವನ್ನಂತೂ ಪುಸ್ತಕ ತೆರೆಯದೆ ಮಾಡುತ್ತೇನೆ. ಆಮೇಲೆ ಹೊರಗೆ ಬಂದು ಅದೇ ತರಗತಿಯಿಂದ ಗಾಡಿ ನೂಕಿಸಿಕೊಳ್ಳುತ್ತೇನೆ. ನಮ್ಮ ಶಿಕ್ಷಣದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಕಿಕ್ ಹೊಡೆಯಬಾರದೇ ಎಂದು ಕೇಳುತ್ತೀರಿ. ಕಿಕ್ ಇಲ್ಲ. ಕೊಳ್ಳುವಾಗ ಶೋರೂಮಿನವನು, "ಈಗ ಯಾರ ಕಿಕ್ ಹೊಡೀತಾರ್ರಿ ಸರ? ಬೆರಳ ಹಚ್ಚಿದ್ರ ಸಾಕು" ಎಂದಿದ್ದ. ಬೆರಳು ಎಂದನೇ ಹೊರತು ಯಾರ ಬೆರಳು ಎಂದು ಹೇಳಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಒಮ್ಮೆ ಗಾಡಿ ನಿಂತಾಗ ಅದು ಇಡೀ ಊರಿನ ಬೆರಳು ಎಂದು ತಿಳಿಯಿತು. ಗುತ್ತಲದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು, "ಪೆಟ್ರೋಲ್ ಐತೇನ್ರಿ?" ಎಂದು ಟಾಕಿಯ ಮುಚ್ಚಳ ತೆಗೆಸಿ ಮೂಸಿ ನೋಡಿದರು. ಇನ್ನೊಬ್ಬರು, "ಪ್ಲಗ್ ಹೋಗೇತಿ, ಬರದ ಕೊಡ್ತೇನಿ" ಎಂದರು. ಮತ್ತೊಬ್ಬರು ಹಾರ್ನ್ ಹೊಡೆಸಿದರು. ನೆಗಡಿಯಾದ ಆಡಿನ ಮರಿಯ ದನಿ ಬಂತು. ಆಯುರ್ವೇದದಲ್ಲಿ ನಾಡಿ, ನಾಲಿಗೆ, ದನಿ ಎಂದು ರೋಗಿಯನ್ನು ಎಂಟು ಬಗೆಯಲ್ಲಿ ಪರೀಕ್ಷಿಸುತ್ತಾರಂತೆ. ಅಲ್ಲಿ ಪರೀಕ್ಷಿಸುವ ವೈದ್ಯನಾದರೂ ಒಬ್ಬನೇ ಇರುತ್ತಾನೆ. ಇಲ್ಲಿ ಪ್ರತಿಯೊಬ್ಬ ವೈದ್ಯನೂ ಸ್ವಂತ ಹೆಬ್ಬೆರಳಿನಿಂದ ಬಟನ್ ಒತ್ತಿ ನೋಡಲೇಬೇಕು. ಬ್ಯಾಟರಿಯಲ್ಲಿ ಉಳಿದಿದ್ದ ಗುಟುಕು ಜೀವವನ್ನು ಹೀಗೆ ಪರೋಪಕಾರಿಗಳೇ ತೆಗೆದರು. ಅಷ್ಟರಲ್ಲಿ ಗುತ್ತಲದ ಬಸ್ಸೂ ಹೊರಟುಹೋಯಿತು. ಹಿರಿಯರು ಅದಕ್ಕೂ ನನ್ನನ್ನೇ ಬೈದರು.

ಮೆಕ್ಯಾನಿಕ್ ಬಾಬಾಜಾನ್ ಪ್ಲಗ್ ಬದಲಿಸಿದ, ಬ್ಯಾಟರಿ ಹೊಸದು ಹಾಕಿದ, ಚಾರ್ಜ್ ಮಾಡುವ ರೆಗ್ಯುಲೇಟರನ್ನೂ ಬದಲಿಸಿದ. ಮತ್ತೆ ಹೋದಾಗ, "ನೀವ ಹೇಳಿದ್ದೆಲ್ಲಾ ಬದ್ಲಿ ಮಾಡೇನ್ರಿ ಸರ. ಇನ್ನ ಉಳದದ್ದು ಗಾಡಿ ನಂಬರ್ ಮತ್ತ ನೀವು" ಎಂದ. ತಮಾಷೆ ಎಂದುಕೊಂಡು ನಕ್ಕು ಬಂದೆ.

ಆದರೆ ಮನೆಯಲ್ಲಿ ನಗು ಇರಲಿಲ್ಲ. ನನ್ನ ಹೆಂಡತಿ ಸುಮಂಗಲಾಳ ಅಕ್ಕ ಶಾಂತಕ್ಕ ಬ್ಯಾಡಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಸುತ್ತ ಹುಡುಕಿದರೂ ಒಂದು ಇಳಿಜಾರು ಸಿಗದ ಜಾಗ. ಬ್ಯಾಟರಿಯ ನೆಪ ಹೇಳಿ ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ಬಸ್ಸಿರಲಿಲ್ಲವೇ? ಇತ್ತು. ಸುಮಂಗಲಾ ಒಬ್ಬಳೇ ಅದರಲ್ಲಿ ಹೋಗಿಬಂದಳು. ಖರೇ ಹೇಳುತ್ತೇನೆ, ತೊಂದರೆ ಇದ್ದದ್ದು ಶಾಂತಕ್ಕನ ಗಂಡ, ನನ್ನ ಷಡ್ಡಕರದು. ಮೆಣಸಿನಕಾಯಿ ವ್ಯಾಪಾರಿ, ನನ್ನನ್ನು ಕಂಡಾಗಲೆಲ್ಲ ತಮ್ಮ ಬಿಳಿ ಕಾರಿಗೆ ಒರಗಿ ನಾಲ್ಕು ಜನರ ಮುಂದೆ, "ಮಾಸ್ತರ, ಇನ್ನೂ ಫಟಫಟೀನ ಏನ್ರಿ?" ಎನ್ನುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಆ ಖಾರವೆಲ್ಲ ಎಲ್ಲಿ ಸೇರಿದೆ ಎಂದು ನನಗೆ ಗೊತ್ತು. ಅಂತೂ ಗೃಹಪ್ರವೇಶದ ನಂತರ, ದಿನಾ ಮಾತಾಡಿದರೂ ಮಾತು ತೀರದ ಅಕ್ಕ ತಂಗಿಯರು, ಫೋನಿನಲ್ಲಿ "ಆರಾಮೇನು? ಆರಾಮ" ಎಂದು ಇಟ್ಟುಬಿಡುತ್ತಿದ್ದರು. ಸುಮಂಗಲಾ ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಅದು ನನಗೆ ಬಹಳ ಚುಚ್ಚಿತು.

ಕೊನೆಗೆ ರಾಣೆಬೆನ್ನೂರಿನಿಂದ ವೋಲ್ಟ್ ಅಳೆಯುವ ಒಂದು ಮೀಟರ್ ಕೊಂಡು ತಂದು, ಭಾನುವಾರ ಗಾಡಿಯನ್ನು ಅಂಗಳಕ್ಕೆ ಎಳೆತಂದು, ನಾನೇ ಪರೀಕ್ಷೆಗೆ ಕುಳಿತೆ. ಇಂಜಿನ್ ನಿಂತಾಗ ಬ್ಯಾಟರಿ ಹನ್ನೆರಡು ವೋಲ್ಟಿಗೂ ಕೆಳಗೆ, ಹಸಿದುಕೊಂಡಿತ್ತು. ಗಾಡಿ ನೂಕಿಸಿ, ಚಾಲೂ ಮಾಡಿ ಆಕ್ಸಿಲರೇಟರ್ ತಿರುವಿದರೆ ಹದಿನಾಲ್ಕಕ್ಕೆ ಏರಿತು. ಕೀಲಿ ತೆಗೆದ ಮೇಲೆ ಕರೆಂಟು ಎಲ್ಲಾದರೂ ಸೋರುತ್ತಿದೆಯೇ ನೋಡಿದೆ, ಅದೂ ಇಲ್ಲ.

"ಎಲ್ಲಾ ಬರೋಬರಿ ಐತಿ! ಇಂಜಿನ್ ಓಡೂಮುಂದ ಛಲೋ ಚಾರ್ಜ್ ಆಗ್ತೈತಿ" ಎಂದು ಕೂಗಿದೆ.

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಸುಮಂಗಲಾ ತಲೆ ಎತ್ತದೆ, "ಎಷ್ಟೊತ್ತು ಓಡ್ತೈತ್ರಿ?" ಎಂದಳು.

ಮನೆಯಿಂದ ಶಾಲೆಗೆ, ಶಾಲೆಯಿಂದ ಚಹಾದಂಗಡಿಗೆ. ಇಂಜಿನ್ ಬಿಸಿಯಾಗುವುದರೊಳಗೆ ಇಳಿಯುವ ಜಾಗ ಬಂದಿರುತ್ತದೆ. ಹೊರಡುವಾಗಲೆಲ್ಲ ಆಸೆಯಿಂದ ಮೊದಲು ಬಟನ್ನನ್ನೇ ಒತ್ತುತ್ತೇನೆ. ಹಗಲಲ್ಲೂ ದೀಪ ಉರಿಯುತ್ತದೆ. ಕೊಡದಲ್ಲಿ ತೆಗೆದು ಚಮಚದಲ್ಲಿ ತುಂಬಿದರೆ ಯಾವ ಹಂಡೆ ತುಂಬೀತು? ಇದನ್ನು ಪಾಠದ ಧಾಟಿಯಲ್ಲೇ ಅವಳಿಗೆ ವಿವರಿಸಿದೆ.

"ಅಂದ್ರ ದೂರ ಓಡಸ್ಬೇಕು. ಎಷ್ಟ ದೂರ?"

ಮೀಟರನ್ನೇ ನೋಡುತ್ತ ಹೇಳಿದೆ: "ಬ್ಯಾಡಗಿತನಾ ಹೋದ್ರ ಸಾಕು." ಅವಳು ಅಕ್ಕಿಯ ಮೊರವನ್ನು ಅಲ್ಲೇ ಬಿಟ್ಟು ಸೀರೆ ಬದಲಿಸಲು ಎದ್ದಳು.

ಮೆಣಸಿನಕಾಯಿಯ ಘಾಟಿಗೆ ಸೀನುತ್ತಲೇ ಇಬ್ಬರೂ ಬ್ಯಾಡಗಿ ಸೇರಿದೆವು. ಷಡ್ಡಕರು ಬಾಗಿಲಿಗೆ ಬಂದರು, ಫಟಫಟಿಯ ಪ್ರಶ್ನೆ ಬರಲಿಲ್ಲ. ಕಾರಿನ ಮೇಲೆ ಕೆಂಪು ಧೂಳು ಕೂತಿತ್ತು. ಶಾಂತಕ್ಕನೇ ತಂಗಿಯ ಕೈ ಹಿಡಿದು ಬಾಯಿ ಬಿಟ್ಟರು: "ಹಾವೇರಿಗೆ ಹೋಗೋಣು ಅಂತ ಎಷ್ಟ ಸಲ ಅಂದೆ ಸುಮಾ. ಇವರು ಕಾರಿನ ಬ್ಯಾಟ್ರಿ ಹೋಗೇತಿ, ಚಾಲೂನ ಆಗ್ವಲ್ದು ಅಂತಾರ. ಮನಿಯಿಂದ ಪ್ಯಾಟಿಗೆ, ಪ್ಯಾಟಿಯಿಂದ ಮನಿಗೆ. ಮತ್ತೆಲ್ಲಿ ಓಡ್ಸ್ಯಾರ?"

ಷಡ್ಡಕರು ನನ್ನ ಕಿವಿಯ ಹತ್ತಿರ ಬಂದು, "ಖರೇ ಅಂದ್ರ, ನಿಮ್ಮ ಮನೀಗೆ ಬಂದ್ರ ನೀವು ಪರೀಕ್ಷಾ ಪೇಪರ್ ಮುಂದಿಟ್ಕೊಂಡು ವಿಜ್ಞಾನದ ಪ್ರಶ್ನೆ ಕೇಳ್ತೀರಿ ಮಾಸ್ತರ. ನಂಗ ಉತ್ತರ ಬರೂದಿಲ್ಲ, ಆಕಿ ಮುಂದ ನಾಚಿಕಿ ಬರ್ತೈತಿ" ಎಂದರು. ಪಿಸುಮಾತು ಎಂದು ಅವರು ತಿಳಿದದ್ದು ಅಡುಗೆಮನೆಗೂ ಕೇಳಿತು. ಅಕ್ಕ ತಂಗಿ ಇಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಎಷ್ಟೋ ದಿನದ ಬಾಕಿ ನಗು. ಸಂಜೆ ಆ ಸಪಾಟು ನೆಲದ ಮೇಲೆ ಬಟನ್ ಒತ್ತಿದೆ. ಮೊದಲ ಸಲಕ್ಕೇ ಗಾಡಿ ಚಾಲೂ ಆಯಿತು.

ಮುಂದಿನ ಭಾನುವಾರ ಜೋಳ ಬೀಸಿಸಲು ಗಿರಣಿಗೆ ಹೋದ ಸುಮಂಗಲಾ ಬುಟ್ಟಿಯನ್ನೂ ಅಲ್ಲೇ ಬಿಟ್ಟು ಓಡಿಬಂದು ನನ್ನನ್ನು ಕರೆದಳು. ಹೋಗಿ ನೋಡಿದರೆ ನನ್ನ ಜಾಗದಲ್ಲಿ ಬಿಳಿ ಕಾರು, ಇಳಿಜಾರಿಗೆ ಮುಖಮಾಡಿ ನಿಂತಿತ್ತು. ಶಾಂತಕ್ಕ ಆಗಲೇ ಇಳಿದಿದ್ದರು. ಷಡ್ಡಕರು ಬಗ್ಗಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ನಾನು ಒಂದು ಪ್ರಶ್ನೆಯನ್ನೂ ಕೇಳದೆ ಇನ್ನೊಂದು ಕಲ್ಲು ಹುಡುಕಿ ತಂದುಕೊಟ್ಟೆ.