ಗೇಟಿನ ಹತ್ತಿರ ಬಾರಿಸುವುದಿಲ್ಲ

ನಾನು ಜಾಝ್ ಗಿಟಾರ್ ನುಡಿಸುತ್ತೇನೆ. ಅದಕ್ಕೆ ಬೇಕಾದ ಸಂಗೀತವನ್ನೂ ನಾನೇ ಕಟ್ಟುತ್ತೇನೆ. ನಂಜನಗೂಡಿನಲ್ಲಿ ಯಾರಿಗಾದರೂ ಹೀಗೆಂದರೆ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ, ಆಮೇಲೆ ಯಾವುದಾದರೂ ಸಿನಿಮಾ ಹಾಡು ನುಡಿಸಮ್ಮ ಅನ್ನುತ್ತಾರೆ. ನುಡಿಸುವುದಿಲ್ಲ. ಸಿನಿಮಾ ಹಾಡಿನ ಮೇಲೆ ನನಗೇನೂ ಹಗೆಯಿಲ್ಲ. ನುಡಿಸು ಅಂದ ತಕ್ಷಣ ನುಡಿಸುವುದು ನಮ್ಮ ಮನೆಯಲ್ಲಿ ನಿಂತುಹೋಗಿದೆ, ಅಷ್ಟೆ.

ನಿಲ್ಲಿಸಿದವನು ಅಪ್ಪ. ಮೂಗೂರಿನ ಆಚೆಗಿರುವ ನಮ್ಮ ಊರಿನಲ್ಲಿ ಸಾವಾಗಲಿ, ಹಬ್ಬವಾಗಲಿ, ತಮಟೆ ಬಾರಿಸುವುದು ನಮ್ಮ ಬೀದಿಯವರ ತಲೆಗೆ ಕಟ್ಟಿದ್ದ ಕೆಲಸ. ಹೇಳಿ ಕಳಿಸಿದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳಬೇಕು. ಬಾಗಿಲಾಚೆ ನಿಂತು ಬಾರಿಸಬೇಕು, ಕೂರುವಂತಿಲ್ಲ. ನಾನು ಹುಟ್ಟುವ ಮೊದಲೇ ಬೀದಿಯ ಗಂಡಸರೆಲ್ಲ ಸೇರಿ, ಇನ್ನು ಯಾರ ಬಾಗಿಲಿಗೂ ಹೋಗಿ ಬಾರಿಸುವುದಿಲ್ಲ ಎಂದು ತೀರ್ಮಾನ ಮಾಡಿದರು. ಊರಿನವರು ಕೂಲಿಗೆ ಕರೆಯುವುದನ್ನೇ ಬಿಟ್ಟರು. ಅಪ್ಪ ಜಗ್ಗಲಿಲ್ಲ. ತಮಟೆಯ ಚರ್ಮ ಕಿತ್ತು ಬಿಸಾಕಿ, ಅಮ್ಮನನ್ನು ಕರೆದುಕೊಂಡು ನಂಜನಗೂಡಿಗೆ ಬಂದು ಪಕ್ಕದ ತಾಂಡ್ಯದ ಒಂದು ಕಾರ್ಖಾನೆ ಸೇರಿದ. ಉಳಿದ ಕಬ್ಬಿಣದ ಬಳೆಯ ಮೇಲೆ ಅಮ್ಮ ಕುಡಿಯುವ ನೀರಿನ ಮಡಕೆ ಕೂರಿಸಿದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಆ ಮಡಕೆ. ನಾನು ಬೆಳೆದದ್ದು ಇವೆರಡನ್ನು ನೋಡಿಕೊಂಡು.

ಅಪ್ಪ ತಮಟೆ ಬಾರಿಸಿದ್ದನ್ನು ನಾನು ಕೇಳಿಯೇ ಇಲ್ಲ. ಆದರೆ ಆ ತೀರ್ಮಾನದ ಸುದ್ದಿ ಅವನ ಬೆರಳುಗಳಿಗೆ ಮುಟ್ಟಿರಲಿಲ್ಲ. ಕಾರ್ಖಾನೆ ಬಸ್ಸಿಗೆ ಕಾಯುವಾಗ ಊಟದ ಡಬ್ಬಿಯ ಮೇಲೆ, ಟಿವಿ ನೋಡುವಾಗ ಮಂಡಿಯ ಮೇಲೆ, ಜ್ವರ ಬಂದು ಮಲಗಿದಾಗ ಮಂಚದ ಪಟ್ಟಿಯ ಮೇಲೆ ಅವು ಸಣ್ಣಗೆ ಬಡಿಯುತ್ತಲೇ ಇರುತ್ತಿದ್ದವು. ಎರಡು ಭಾರದ ಪೆಟ್ಟು, ನಡುವೆ ಚೂರು ತಡವರಿಕೆ, ಆಮೇಲೆ ಓಡಿ ಬಂದು ಸೇರುವ ಪುಟ್ಟ ಪುಟ್ಟ ಪೆಟ್ಟುಗಳು. ಏನಪ್ಪಾ ಅದು ಅಂದರೆ ಏನಿಲ್ಲ ಅನ್ನುತ್ತಿದ್ದ. ಅಕ್ಷರ ಕಲಿಯುವ ಮೊದಲೇ ಅದು ನನಗೆ ಬಾಯಿಪಾಠವಾಗಿತ್ತು.

ಮೈಸೂರಿಗೆ ಕಾಲೇಜಿಗೆ ಹೋಗುತ್ತಿದ್ದಾಗ ಗಿಟಾರ್ ಕಲಿತೆ. ಕಲಿಸಿದವರು ಹಿಂದೆ ಹೋಟೆಲುಗಳ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ವಯಸ್ಸಾದ ಮೇಷ್ಟ್ರು, ಬಾಯಿ ಸ್ವಲ್ಪ ಜೋರು. ಜಾಝ್‌ನಲ್ಲಿ ಕೊಟ್ಟ ಹಾಡನ್ನು ಒಂದು ಸಲ ನುಡಿಸಿ ತೋರಿಸಬೇಕು, ಆಮೇಲೆ ಆ ಹಾಡಿಗೆ ನೀನು ಏನು ಉತ್ತರ ಕೊಡುತ್ತೀಯೋ ಅದೇ ಸಂಗೀತ ಎಂದು ಅವರು ಹೇಳಿದ ದಿನ ನನಗೆ ಕುಣಿಯುವಷ್ಟು ಖುಷಿಯಾಯಿತು. ಎದುರುತ್ತರ ಕೊಟ್ಟರೆ ಶಹಭಾಸ್ ಅನ್ನುವ ಜಾಗವೂ ಲೋಕದಲ್ಲಿ ಇದೆಯಲ್ಲ ಅನ್ನಿಸಿತು. ಇದನ್ನು ಕಟ್ಟಿದವರು ಅಮೆರಿಕದಲ್ಲಿ ದನಗಳ ಹಾಗೆ ಮಾರಿಸಿಕೊಂಡವರ ಮಕ್ಕಳು ಮೊಮ್ಮಕ್ಕಳಂತೆ ಎಂದು ಅಪ್ಪನಿಗೆ ಹೇಳಿದೆ. "ಅವ್ರ್ನೂ ಬಾಗ್ಲಾಚೆ ನಿಲ್ಸ್ತಿದ್ರಾ?" ಎಂದು ಕೇಳಿದ. ಹೌದು ಅಂದೆ. ಗಿಟಾರಿನ ವಿಷಯದಲ್ಲಿ ಅವನು ಆಮೇಲೆ ಯಾವ ತಕರಾರೂ ಎತ್ತಲಿಲ್ಲ.

ಬೇರೆಯವರು ಎತ್ತಿದರು. ಮದುವೆ ಆರ್ಕೆಸ್ಟ್ರಾದವರು, ಇದ್ದ ಹಾಡನ್ನು ಇದ್ದ ಹಾಗೆ ನುಡಿಸಲು ಬಾರದವಳು ಎಂದು ನನ್ನನ್ನು ಕೈಬಿಟ್ಟರು. ಹೋಟೆಲಿನವರು ಗಿಟಾರ್ ಹಿಡಿದು ನಿಂತ ನನ್ನನ್ನೇ ನೋಡುತ್ತಾ, ನುಡಿಸುವವರು ಇನ್ನೂ ಬಂದಿಲ್ಲವಾ ಎಂದು ಕೇಳಿದರು. ಗೊಬ್ಬರದ ಅಂಗಡಿಯ ಮೇಲೊಂದು ಕೋಣೆ ಹಿಡಿದು ಪಾಠ ಹೇಳಿದೆ, ನನ್ನದೇ ಬ್ಯಾಂಡ್ ಕಟ್ಟಿದೆ, ಬೆಂಗಳೂರಿನಲ್ಲಿ ನುಡಿಸಿ ಬೆಳಗಿನ ಬಸ್ಸಿಗೆ ವಾಪಸ್ ಬಂದೆ. ಯಾರ ಅಪ್ಪಣೆಗೂ ಕಾಯಲಿಲ್ಲ ಎಂಬ ಹೆಮ್ಮೆ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಜಗಳವಾದದ್ದು ಅಪ್ಪನ ಬೆರಳ ಬಡಿತದ ಮೇಲೆ ನಾನೊಂದು ಸಂಗೀತ ಕಟ್ಟಿದಾಗ. ಅದಕ್ಕೆ ನಿಜವಾದ ತಮಟೆಯೇ ಬೇಕಿತ್ತು. ಹತ್ತಿರದ ಹೆಡತಲೆ ಎಂಬ ಊರಿನಲ್ಲಿ ವೈರಿಂಗ್ ಕೆಲಸ ಮಾಡುವ, ತಮಟೆಯನ್ನು ಇಷ್ಟಪಟ್ಟು ಕಲಿತ ಒಬ್ಬರನ್ನು ಬ್ಯಾಂಡಿಗೆ ಸೇರಿಸಿಕೊಂಡೆ. ಅದನ್ನು ಹೇಳಿದಾಗ ಅಪ್ಪ ಉಣ್ಣುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ನಾನ್ ಇಳ್ಸಿದ್ದ ನೀನ್ ಯಾಕವ್ವಾ ಎತ್ಕೊಂಡೆ?"

"ನಿಂಗೆ ಬಾರ್ಸು ಅಂದೋರಿದ್ರು, ಅದ್ಕೆ ಇಳ್ಸ್ದೆ. ನಂಗ್ಯಾರೂ ಅಂದಿಲ್ಲ ಕಣಪ್ಪಾ."

"ಅಂತಾರೆ, ನೋಡ್ತಿರು."

ಆಮೇಲೆ ನನ್ನ ಜೊತೆ ಮಾತು ಬಿಟ್ಟ. ಅವನ ಮಾತು ನಿಜವಾದರೆ ನಾನು ಅವನ ಬದುಕನ್ನೇ ಹಿಂದಕ್ಕೆ ತಳ್ಳಿದ ಹಾಗೆ ಎಂಬ ಭಯ ನನಗೂ ಇತ್ತು.

ನಂಜನಗೂಡಿನ ಒಂದು ಸಂಘದವರೊಬ್ಬರು ನನಗೆ ಸನ್ಮಾನ ಮಾಡಿ ಕಾರ್ಯಕ್ರಮ ಇಡುತ್ತೇವೆ ಎಂದು ಮನೆಗೆ ಬಂದರು. ಬಂದವರು ಒಳ್ಳೆಯ ಮನುಷ್ಯ, ಅಮ್ಮನ ಕಾಫಿಯನ್ನು ಹೊಗಳಿದರು. ಹೊರಡುವಾಗ ಏನೋ ನೆನಪಾದವರ ಹಾಗೆ ಹೇಳಿದರು: "ಹೆಂಗೂ ನಿಮ್ ಜೊತೆ ತಮಟೆಯೋರು ಅವ್ರಲ್ಲ ಮೇಡಂ, ಗೆಸ್ಟ್ ಬರೋವಾಗ ಗೇಟ್ ಹತ್ರ ಒಂಚೂರು ಬಾರ್ಸ್‌ಬಿಡ್ಲಿ. ಆಮೇಲ್ ಸ್ಟೇಜಿಗ್ ಬರ್ಲಿ."

ಅತಿಥಿಯನ್ನು ತಮಟೆ ಬಡಿದು ಒಳಗೆ ಕರೆತರುವುದು ಎಲ್ಲ ಕಡೆ ಇರುವುದೇ. ಅವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಮಂಚದ ಮೇಲಿದ್ದ ಅಪ್ಪ ನನ್ನ ಕಡೆ ತಿರುಗಲಿಲ್ಲ, ಮಡಕೆಯನ್ನು ನೋಡುತ್ತಿದ್ದ.

"ಗೇಟ್ ಹತ್ರ ಬಾರ್ಸಲ್ಲ."

"ಮತ್ತೆ ಗೆಸ್ಟು ಹೆಂಗ್ ಬರ್ತಾರೆ ಮೇಡಂ?"

"ನಡ್ಕೊಂಡ್ ಬರ್ಲಿ."

ಅವರು ನಕ್ಕರು. ನಾನು ನಗದೆ ಇದ್ದದ್ದು ನೋಡಿ ನಿಲ್ಲಿಸಿದರು. ತಮಟೆ ವೇದಿಕೆಯ ಮೇಲೇ ಮೊದಲು ಕೇಳಬೇಕು, ಎಲ್ಲರೂ ಕೂತ ಮೇಲೇ ಕೇಳಬೇಕು, ಆಗದಿದ್ದರೆ ಸನ್ಮಾನದ ಶಾಲನ್ನು ಬೇರೆ ಯಾರಿಗಾದರೂ ಹೊದಿಸಿ ಅಂದೆ. ಕಮಿಟಿಯಲ್ಲಿ ಮಾತಾಡಿ ಹೇಳುತ್ತೇನೆ ಎಂದು ಮುಖ ಸಣ್ಣ ಮಾಡಿಕೊಂಡು ಹೋದರು. ಆಮೇಲೆ ಫೋನ್ ಮಾಡಿ, ನಿಮ್ಮಿಷ್ಟದಂತೆ ಆಗಲಿ ಅಂದರು.

ಕಾರ್ಯಕ್ರಮದ ದಿನ ಅತಿಥಿ ಕಾರಿನಿಂದಿಳಿದು ತಣ್ಣಗೆ ನಡೆದುಕೊಂಡೇ ಬಂದರು. ಪ್ರಪಂಚವೇನೂ ಮುಳುಗಲಿಲ್ಲ. ಆದರೆ ವೇದಿಕೆಯ ಮೇಲೆ ನನಗೊಂದು, ಬಾಸ್ ಗಿಟಾರಿನವರಿಗೊಂದು ಕುರ್ಚಿ ಹಾಕಿದ್ದರು, ತಮಟೆಯವರಿಗೆ ಇರಲಿಲ್ಲ. ತಮಟೆ ನಿಂತು ಬಾರಿಸುವುದಲ್ಲವಾ ಎಂದು ಸಂಘದವರು ನನ್ನನ್ನೇ ಕೇಳಿದರು. ಹೆಡತಲೆಯವರೂ, ಇರಲಿ ಬಿಡಿ ಮೇಡಂ, ರೂಢಿಯಾಗಿದೆ ಅಂದರು. ನಾನು ಗಿಟಾರನ್ನು ಕೆಳಗಿಟ್ಟು ಎದ್ದೆ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬರು, ಅತಿಥಿಗಳಿಗೆಂದು ಬಿಳಿ ಬಟ್ಟೆ ಹೊದಿಸಿಟ್ಟಿದ್ದ ಮೆತ್ತನೆಯ ಕುರ್ಚಿಯನ್ನು ಎತ್ತುತ್ತಿರುವುದು ಕಂಡಿತು. ಅಪ್ಪ. ಬರುತ್ತೇನೆಂದು ಹೇಳಿಯೇ ಇರಲಿಲ್ಲ. ಪಕ್ಕದ ಮೆಟ್ಟಿಲು ಹತ್ತಿ ಕುರ್ಚಿಯನ್ನು ವೇದಿಕೆಯ ನಡುಮಧ್ಯಕ್ಕೆ ತಂದಿಟ್ಟು ಟವೆಲ್ಲಿನಿಂದ ಒರೆಸಿದ.

"ಕೂತ್ಕೊಂಡ್ ಬಾರ್ಸಪ್ಪಾ" ಅಂದ.

ಕೆಳಗಿಳಿದು ಹೋಗಿ ಮುಂದಿನ ಸಾಲಿನಲ್ಲಿ, ಅತಿಥಿಯ ಪಕ್ಕದಲ್ಲೇ ಕೂತ.

ಹೆಡತಲೆಯವರು ತೊಡೆಯ ಮೇಲೆ ತಮಟೆ ಇಟ್ಟುಕೊಂಡು ಶುರು ಮಾಡಿದರು. ಎರಡು ಭಾರದ ಪೆಟ್ಟು, ತಡವರಿಕೆ, ಓಡಿ ಬರುವ ಪೆಟ್ಟುಗಳು. ನಾನು ಅದಕ್ಕೆ ಉತ್ತರ ಕೊಡುತ್ತಾ ಹೋದೆ. ನಡುವೆ ಕಣ್ಣೆತ್ತಿ ಅಪ್ಪನ ಕೈಗಳನ್ನು ನೋಡಿದೆ. ಎರಡೂ ಮಂಡಿಯ ಮೇಲಿದ್ದವು, ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ. ಅಪ್ಪ ಸುಮ್ಮನೆ ಕೂತು ಕೇಳುತ್ತಿದ್ದ.