ತಟ್ಟೆಯನ್ನು ನೋಡದ ಮೇಷ್ಟ್ರು

"ಪುಲ್!" ಎಂದು ಅವಳು ಕೂಗಿದ್ದೇ ತಡ, ನೆಲದೊಳಗಿನ ಯಂತ್ರದ ಹಳ್ಳದಿಂದ ಕಿತ್ತಳೆ ಬಣ್ಣದ ತಟ್ಟೆಯೊಂದು ಚಿಮ್ಮಿ, ಬಲಕ್ಕೆ ವಾಲಿಕೊಂಡು ಹಾರಿತು. ಬಂದೂಕು ಅದರ ಬೆನ್ನು ಹತ್ತಿತು, ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ತಡವರಿಸಿತು, ಗುಡುಗಿತು. ತಟ್ಟೆ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ದೂರದ ಹುಲ್ಲಿನ ಮೇಲೆ ಹೋಗಿ ಕೂತಿತು.

"ಕಣ್ಣು ಎಲ್ಲಿತ್ತು?" ಎಂದು ಹಿಂದಿನಿಂದ ದನಿ ಬಂತು.

"ತಟ್ಟೆ ಮೇಲೆ, ಮೇಷ್ಟ್ರೇ."

"ಸುಳ್ಳು. ನಳಿಗೆ ತುದೀಲಿರೋ ಗುರಿ ಮಣಿ ಮೇಲಿತ್ತು."

ಅವಳು ಬಂದೂಕನ್ನು ನಡುವೆ ಮಡಚಿ ತೆರೆದು, ಹೊಗೆಯಾಡುವ ಖಾಲಿ ತೋಟಾ ಹೊರತೆಗೆದು, ತಿರುಗಿ ನೋಡಿದಳು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ, ತೋಟಾ ಬರುವ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಅವರ ಮುಖ ಮೈದಾನದ ಕಡೆ ಇರಲೇ ಇಲ್ಲ, ಅವಳ ಕಡೆಗಿತ್ತು. ತಟ್ಟೆ ಎತ್ತ ಹೋಯಿತು, ಎಲ್ಲಿ ಬಿತ್ತು ಎಂಬುದನ್ನು ಅವರು ನೋಡಿಯೇ ಇರಲಿಲ್ಲ.

ಹಾರುವ ತಟ್ಟೆಗೆ ಗುಂಡು ಹೊಡೆಯುವ ಈ ಆಟದಲ್ಲಿ ಪದಕ ಗೆದ್ದವರು ಹಲವರಿದ್ದಾರೆ, ಅಂಥವರನ್ನು ತಯಾರು ಮಾಡಿದವರೂ ಕೆಲವರಿದ್ದಾರೆ. ಆದರೆ ತಟ್ಟೆಯನ್ನೇ ನೋಡದೆ, ಹೊಡೆಯುವವರ ಕೆನ್ನೆ, ಹೆಗಲು, ಹಿಮ್ಮಡಿಗಳನ್ನಷ್ಟೇ ನೋಡಿ, ನಲವತ್ತೊಂದು ವರ್ಷದ ಸೇವೆಯಲ್ಲಿ ಇಷ್ಟೊಂದು ಜನಕ್ಕೆ ಪಾಠ ಹೇಳಿದವರು ಇವರೊಬ್ಬರೇ ಇರಬೇಕು. ಇದು ಅವರು ಬೇಕೆಂದು ಕಟ್ಟಿಕೊಂಡ ಪದ್ಧತಿಯಲ್ಲ, ಕೆಲಸ ಕೊಟ್ಟ ಚಾಳಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಈ ಶೂಟಿಂಗ್ ರೇಂಜಿಗೆ ಸೇರಿದ್ದು ಹಳ್ಳದೊಳಗೆ ಕೂತು ಯಂತ್ರಕ್ಕೆ ತಟ್ಟೆ ತುಂಬುವ ಕೆಲಸಕ್ಕೆ. ಅಲ್ಲಿಂದ ಆಕಾಶ ಕಾಣುತ್ತಿರಲಿಲ್ಲ. ಆರು ವರ್ಷವಾದ ಮೇಲೆ ಮೇಲಕ್ಕೆ ಬಂದು ಬಟನ್ ಒತ್ತುವವರಾದರು. "ಪುಲ್" ಅಂದ ಕ್ಷಣಕ್ಕೆ ಸರಿಯಾಗಿ ತಟ್ಟೆ ಹೊರಡಬೇಕು. ಒಂದು ರೆಪ್ಪೆಯಷ್ಟು ತಡವಾದರೂ ಬೈಗುಳ. ಹಾಗಾಗಿ ಅವರು ಹೊಡೆಯುವವರ ಗಂಟಲನ್ನೇ ನೋಡುತ್ತ ನಿಲ್ಲುವುದನ್ನು ಕಲಿತರು. ಗಂಟಲಿನಿಂದ ಹೆಗಲಿಗೆ, ಹೆಗಲಿನಿಂದ ಕಾಲಿಗೆ ದೃಷ್ಟಿ ಇಳಿಯುತ್ತ ಇಳಿಯುತ್ತ, ಯಾರು ತಪ್ಪಿಸುತ್ತಾರೆ, ಏಕೆ ತಪ್ಪಿಸುತ್ತಾರೆ ಎಂಬುದು ಗುಂಡು ಹಾರುವ ಮೊದಲೇ ಅವರಿಗೆ ತಿಳಿಯತೊಡಗಿತು. ಒಂದು ದಿನ ಅಂದಿನ ತರಬೇತುದಾರರು ರಜೆಯ ಮೇಲಿದ್ದಾಗ, ಬಾಯಿ ತಡೆಯಲಾರದೆ, ಯಾರೋ ವಕೀಲರಿಗೆ "ಸ್ವಾಮಿ, ನೀವು ಉಸಿರು ಕಟ್ಟಿ ಹೊಡೀತಿದ್ದೀರಿ" ಎಂದರಂತೆ. ವಕೀಲರು ಉಸಿರು ಬಿಟ್ಟು ಹೊಡೆದರು. ಎಂಟು ತಟ್ಟೆ ಒಂದರ ಹಿಂದೊಂದು ಪುಡಿಯಾದವು. ಅಂದಿನಿಂದ ಅವರು ಮೇಷ್ಟ್ರು.

ಅವರ ಶಿಷ್ಯರನ್ನು ಇಲ್ಲಿ ಪಟ್ಟಿ ಮಾಡಿದರೆ ಈ ಅಭಿನಂದನ ಗ್ರಂಥ ಸಾಲದು. ಪ್ರತಿ ಗುಂಡಿಗೂ ಮೊದಲೇ ಬೆಚ್ಚಿ ಕಣ್ಣು ಮುಚ್ಚುತ್ತಿದ್ದ ಬೇಕರಿಯವರೊಬ್ಬರಿದ್ದರು. ಮೇಷ್ಟ್ರು ಅವರಿಗೆ ಬುದ್ಧಿವಾದ ಹೇಳಲು ಹೋಗದೆ, ಅವರ ತೋಟಾಗಳ ನಡುವೆ ಎರಡು ಖಾಲಿ ತೋಟಾ ಸೇರಿಸಿಟ್ಟರು. ಗುಂಡೇ ಹಾರದಿದ್ದರೂ ಬೇಕರಿಯವರು ನೆಗೆದು ಬಿದ್ದರು. ತಮ್ಮನ್ನು ತಾವೇ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆ ನಗೆಯಲ್ಲೇ ಅರ್ಧ ಭಯ ಹೋಯಿತು. ಬಂದೂಕಿನ ಒದೆತಕ್ಕೆ ಹೆಗಲು ಕಪ್ಪಿಟ್ಟಿದ್ದ ಅಂಚೆಯವರಿಗೆ, ಭಾರದ ಚೀಲ ಹೊರುವ ಹೆಗಲೂ ಅದೇ ಎಂದು ತಿಳಿದು, ಟವೆಲ್ಲು ಮಡಚಿ ಹೊಲಿದ ಮೆತ್ತೆಯನ್ನು ಮನೆಯಿಂದ ತಂದುಕೊಟ್ಟರು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಒಡೆದು ಚಪ್ಪಾಳೆಗೆ ಕಾಯುತ್ತ ನಿಂತ ಬ್ಯಾಂಕಿನ ಮ್ಯಾನೇಜರರ ಕೈಗೆ ಬುಟ್ಟಿ ಕೊಟ್ಟು, "ಚೂರು ಆಯ್ಕೊಂಡು ಬನ್ನಿ, ನೀವೇ ತಾನೆ ಮಾಡಿದ್ದು" ಎಂದರು.

ಅವಳು ಬಂದದ್ದು ಎಲ್ಲರಿಗಿಂತ ಕೊನೆಗೆ. ಬಸ್ ನಿಲ್ದಾಣದ ಎದುರಿನ ಗಡಿಯಾರ ರಿಪೇರಿ ಅಂಗಡಿ ಅವಳದು. ರೇಂಜಿನವರೆಲ್ಲ ಗಡಿಯಾರದಕ್ಕ ಎಂದೇ ಕರೆದರು. ಮೂವತ್ತೇಳು ವರ್ಷ. ರಾಷ್ಟ್ರದ ತಂಡಕ್ಕೆ ಸೇರಬೇಕೆಂಬುದೊಂದೇ ಹಟ. ತಾಯಿಯ ಜೊತೆ ಕರಾರಾಗಿತ್ತು: ವಾರಕ್ಕೆ ಮೂರು ಮಧ್ಯಾಹ್ನ ಅಂಗಡಿಯನ್ನು ತಾಯಿ ನೋಡಿಕೊಳ್ಳುವುದು, ಅದೂ ಎರಡು ವರ್ಷ ಮಾತ್ರ, ಅಷ್ಟರಲ್ಲಿ ತಂಡ ಸೇರದಿದ್ದರೆ ಬಂದೂಕು ಮಾರಿ ಸುಮ್ಮನೆ ಅಂಗಡಿಯಲ್ಲಿ ಕೂರುವುದು.

ಮೊದಲ ಹನ್ನೊಂದು ದಿನ ಮೇಷ್ಟ್ರು ಅವಳ ಕೈಗೆ ಬಂದೂಕನ್ನೇ ಕೊಡಲಿಲ್ಲ. ಹಾರುವ ತಟ್ಟೆಯನ್ನು ತೋರುಬೆರಳಿನಲ್ಲಿ ತೋರಿಸುತ್ತ ಹೋಗು ಎಂದರು. ಆಮೇಲೆ, ಮನೆಯಲ್ಲಿ ಖಾಲಿ ಬಂದೂಕಿನ ನಳಿಗೆಗೆ ಸಣ್ಣ ಟಾರ್ಚು ತೂರಿಸಿ, ಗೋಡೆಗೂ ಸೂರಿಗೂ ಸೇರುವ ಗೆರೆಯ ಮೇಲೆ ಬೆಳಕನ್ನು ಅಳುಕದಂತೆ ಈ ಮೂಲೆಯಿಂದ ಆ ಮೂಲೆಗೆ ಎಳೆಯುವ ಅಭ್ಯಾಸ ಕೊಟ್ಟರು. "ಜೇಡರ ಬಲೆ ಹುಡುಕೋಕೆ ಬಂದೂಕೇ ಬೇಕಾ ನಿಂಗೆ? ಮೂಲೇಲಿ ಪೊರಕೆ ಇದೆ" ಎಂದು ತಾಯಿ ಕೇಳಿದ್ದು ರೇಂಜಿನವರೆಗೂ ಮುಟ್ಟಿ, ಒಂದು ತಿಂಗಳು ಎಲ್ಲರ ಬಾಯಲ್ಲಿ ಓಡಾಡಿತು.

ಆದರೂ ಇಪ್ಪತ್ತೈದಕ್ಕೆ ಹದಿನಾಲ್ಕರ ಮೇಲೆ ಅವಳು ಏರಲಿಲ್ಲ. ಮೇಷ್ಟ್ರು ಒಂದು ಶನಿವಾರ ರೇಂಜಿನ ಕಚೇರಿಯ ನಿಂತುಹೋದ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರು. ಗಡಿಯಾರ ನೆಪ. ಸಂಜೆ ಬಾಗಿಲು ಎಳೆಯುವ ತನಕ ಸ್ಟೂಲಿನ ಮೇಲೆ ಕೂತು ಅವಳು ಕೆಲಸ ಮಾಡುವುದನ್ನು ನೋಡಿದರು: ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ಚಿಮಟದ ತುದಿಯಲ್ಲಿ ಎಳ್ಳಿಗಿಂತ ಸಣ್ಣ ತಿರುಪು, ಕಟ್ಟಿದ ಉಸಿರು.

"ಏನ್ ಮೇಷ್ಟ್ರೇ," ಎಂದರು ತಾಯಿ, ಕಾಫಿ ಲೋಟ ಇಡುತ್ತ. "ಒಂದು ತಟ್ಟೆ ಒಡೆಯೋಕೆ ಇವಳು ಅಲ್ಲಿ ಇಷ್ಟು ಕಷ್ಟಪಡ್ತಾಳಂತಲ್ಲ. ನಮ್ಮ ಅಡುಗೆಮನೆಗೆ ಬಿಡಿ, ವಾರಕ್ಕೆರಡು ಒಡೀತಾಳೆ."

ಮೇಷ್ಟ್ರು ನಕ್ಕರು, ಲೋಟ ಕೆಳಗಿಟ್ಟು ಅವಳಿಗೆ ಹೇಳಿದರು: "ಇಪ್ಪತ್ತು ವರ್ಷದಿಂದ ಗೇಣು ದೂರದ್ದನ್ನೇ ನೋಡಿ ನೋಡಿ, ನಿನ್ನ ಕಣ್ಣಿಗೆ ಹತ್ತಿರದ್ದೇ ನಿಜ ಆಗಿಬಿಟ್ಟಿದೆ ಕಣಮ್ಮ. ತಟ್ಟೆ ಹೊರಟ ತಕ್ಷಣ ಕಣ್ಣು ಓಡಿ ಬಂದು ಮಣಿ ಮೇಲೆ ಕೂತ್ಕೊಳ್ಳುತ್ತೆ, ಅಳತೆ ಮಾಡುತ್ತೆ. ಅಳತೆ ಮಾಡೋಕೆ ಬಂದೂಕು ನಿಲ್ಲುತ್ತೆ. ತಟ್ಟೆ ನಿಲ್ಲುತ್ತಾ?"

"ಹಾಗಾದ್ರೆ ಏನ್ ಮಾಡ್ಲಿ?"

"ಆ ಸಣ್ಣ ಸ್ಕ್ರೂ ಡ್ರೈವರ್ ಕೊಡು."

ಬಂದೂಕು ತರಿಸಿಕೊಂಡು, ಅವಳದೇ ಆಯುಧದಿಂದ, ನಳಿಗೆಯ ತುದಿಯ ಹಿತ್ತಾಳೆ ಮಣಿಯನ್ನು ಬಿಚ್ಚಿ ಗಲ್ಲಾದ ಮೇಲಿಟ್ಟರು.

"ಮಣಿ ಇಲ್ದೆ ಗುರಿ ಹೇಗೆ ಇಡೋದು?"

"ಗುರಿ ಇಡಬೇಡ. ನೋಡು, ಸಾಕು. ಬಂದೂಕು ನಿನ್ನ ಕಣ್ಣಿನ ಹಿಂದೆ ಬರುತ್ತೆ, ಕರು ಬಂದ ಹಾಗೆ."

ಅರ್ಧ ಗಂಟೆಗೊಮ್ಮೆ ಕೆಲಸ ಬಿಟ್ಟೆದ್ದು, ಅಂಗಡಿಯ ಬಾಗಿಲಲ್ಲಿ ನಿಂತು, ಬೀದಿಯ ಕೊಟ್ಟಕೊನೆಯ ಕಟ್ಟಡದ ಬೋರ್ಡನ್ನು ಓದಬೇಕೆಂದೂ ವಿಧಿಸಿದರು. ಅವಳು ತಪ್ಪದೆ ಓದಿದಳು. ಮೂರನೆಯ ವಾರಕ್ಕೆ ಪಕ್ಕದ ಔಷಧಿ ಅಂಗಡಿಯಾತ ತಾಯಿಯನ್ನು ಬದಿಗೆ ಕರೆದು, "ಯಾರೋ ಕೈಕೊಟ್ಟಿದ್ದಾರಾ? ದಿನಾ ದಾರಿ ಕಾಯ್ತಾಳಲ್ಲ" ಎಂದು ಕನಿಕರದಿಂದ ವಿಚಾರಿಸಿದ. ನಾಲ್ಕನೆಯ ವಾರಕ್ಕೆ ಅವಳು ಹತ್ತೊಂಬತ್ತು ಒಡೆದಳು. ವರ್ಷ ತುಂಬುವಾಗ ಇಪ್ಪತ್ತಮೂರು. ತಟ್ಟೆಯ ಅಂಚಿನ ಏಣುಗಳೂ ತನಗೆ ಕಾಣುತ್ತಿವೆ ಎಂದು ಅವಳು ಹೇಳಿದ ದಿನ ಮೇಷ್ಟ್ರು ಎಲ್ಲರಿಗೂ ಚಹಾ ತರಿಸಿದರು.

ತಂಡದ ಆಯ್ಕೆಗೆ ನೂರು ತಟ್ಟೆಯ ಟ್ರಯಲ್ ನಡೆದದ್ದು ಕರಾರು ಮುಗಿಯಲು ನಾಲ್ಕು ತಿಂಗಳಿದ್ದಾಗ. ಖಾಲಿಯಿದ್ದದ್ದು ಒಂದೇ ಜಾಗ. ಬೆಳಿಗ್ಗೆ, ರೆಫರಿಗೆ ನೆರವಾಗಿ ಪಕ್ಕದಲ್ಲಿ ಕೂರುವ ತೀರ್ಪುಗಾರರೊಬ್ಬರು ಬಾರದೆ ಹೋದದ್ದರಿಂದ ಆ ಕುರ್ಚಿಯಲ್ಲಿ ಮೇಷ್ಟ್ರನ್ನೇ ಕೂರಿಸಿದರು. ಅವರ ಶಿಷ್ಯೆ ಸ್ಪರ್ಧೆಯಲ್ಲಿದ್ದರೂ ಯಾರೂ ಆಕ್ಷೇಪಿಸಲಿಲ್ಲ. ಹೆತ್ತ ಮಗನಿಗೂ ಒಂದು ತಟ್ಟೆ ಹೆಚ್ಚಿಗೆ ಕೊಟ್ಟವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇನ್ನೊಬ್ಬ ಸ್ಪರ್ಧಿ, ಈಜು ಕಲಿಸುವಾಕೆ, ಎಂಬತ್ತೆಂಟು ಒಡೆದು ಮುಗಿಸಿದ್ದಳು. ಗಡಿಯಾರದಕ್ಕನದು ತೊಂಬತ್ತೊಂಬತ್ತು ತಟ್ಟೆಗೆ ಎಂಬತ್ತೆಂಟು. ಕೊನೆಯದು ಒಡೆದರೆ ಜಾಗ ಅವಳದು. ಒಡೆಯದೆ ಸಮನಾದರೆ, ಕೊನೆಯ ಸುತ್ತಿನಲ್ಲಿ ಮುಂದಿದ್ದ ಈಜಿನವಳದು. "ಪುಲ್" ಎಂದಳು. ತಟ್ಟೆ ಎಡಕ್ಕೆ ಹಾರಿತು. ಗುಂಡು ಹೊರಟಿತು. ತಟ್ಟೆಯಿಂದ ಒಂದು ಚಿಟಿಕೆ ಧೂಳು ಎದ್ದಿತು. ನಿಯಮದ ಪ್ರಕಾರ ಧೂಳಿಗೆ ಅಂಕವಿಲ್ಲ, ಕಣ್ಣಿಗೆ ಕಾಣುವಂಥ ಒಂದು ಚೂರಾದರೂ ಕಳಚಿ ಬೀಳಬೇಕು. ರೆಫರಿ ಒಡೆಯಿತೆಂದೇ ಕೂಗಿದರು. ಆದರೆ ಪಕ್ಕದ ಕುರ್ಚಿಯಲ್ಲಿ, ಗುರಿ ತಪ್ಪಿತೆಂದು ಸೂಚಿಸುವ ಬಿಳಿ ಬಾವುಟ ಆಗಲೇ ಮೇಲೆದ್ದಿತ್ತು. ರೆಫರಿ ಒಂದು ಗಳಿಗೆ ಮೇಷ್ಟ್ರ ಮುಖ ನೋಡಿದರು, ನಲವತ್ತು ವರ್ಷ ಈ ಮೈದಾನದಲ್ಲೇ ಕಳೆದ ಮುಖ. ತಮ್ಮ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡರು.

ಅವಳು ಏಳು ವಾರ ರೇಂಜಿನ ಕಡೆ ತಲೆ ಹಾಕಲಿಲ್ಲ. ಗೇಣು ದೂರದ ಕೆಲಸದಲ್ಲಿ ತಲೆ ತಗ್ಗಿಸಿ ಕೂತಳು. ತಾಯಿ ಕೂಡ ಈ ಸಲ ತಮಾಷೆ ಮಾಡಲಿಲ್ಲ. ಎಂಟನೆಯ ವಾರ ರೇಂಜಿನ ಯಂತ್ರದ ಮೆಕ್ಯಾನಿಕ್ಕು ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಬಂದವನು ಹೇಳಿದ: "ಅಕ್ಕ, ಮೇಷ್ಟ್ರು ದಿನಾ ಬೆಳಗ್ಗೆ ಬಂದು ಹುಲ್ಲಲ್ಲಿ ತಡಕಾಡ್ತಾರೆ. ಕೇಳಿದ್ರೆ ಹೇಳಲ್ಲ. ಮಂಡಿ ನೋವು ಬೇರೆ."

ಮಾರನೆಯ ಬೆಳಿಗ್ಗೆ ಅವಳು ಹೋದಳು. ಮೇಷ್ಟ್ರು ಕೊನೆಯ ತಟ್ಟೆ ಬಿದ್ದಿರಬಹುದಾದ ಜಾಗದಲ್ಲಿ ಮಂಡಿಯೂರಿ, ಕೋಲಿನಿಂದ ಹುಲ್ಲು ಸರಿಸುತ್ತಿದ್ದರು. ಸುತ್ತ ನೂರಾರು ಚೂರು; ಯಾವುದು ಯಾರದೆಂದು ಯಾರು ಬಲ್ಲರು?

"ಸಿಕ್ತಾ?" ಎಂದಳು.

"ಇಲ್ಲ."

ಅವಳು ಕೈಕೊಟ್ಟು ಎಬ್ಬಿಸಿದಳು. ಆ ದಿನವೇ ಮತ್ತೆ ಅಭ್ಯಾಸ ಶುರುವಾಯಿತು.

ಈ ಶುಕ್ರವಾರ ಮೇಷ್ಟ್ರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಮಂಡಿ ಬೇಗ ನೆಟ್ಟಗಾಗಲಿ, ಅವರು ನೂರು ಕಾಲ ಬಾಳಲಿ, ಆ ಬೋರಲು ಪೆಟ್ಟಿಗೆಯ ಮೇಲೆ ಇನ್ನೂ ಬಹುಕಾಲ ಕೂತು ನಮ್ಮ ಸುಳ್ಳುಗಳನ್ನು ಹಿಡಿಯುತ್ತಿರಲಿ ಎಂಬುದು ಹೊಸಬರು ಹಳಬರೆಲ್ಲರ ಹಾರೈಕೆ. ಮುಂದಿನ ಸಂಗತಿಯನ್ನು ಇಂಥ ಗ್ರಂಥದಲ್ಲಿ ಬರೆಯಬಹುದೇ ಎಂದು ಅವರನ್ನೇ ಕೇಳಲಾಯಿತು. "ಬರೀ ಹೂವೇ ತುಂಬಿದ್ರೆ ಓದೋರಿಗೆ ಸೀನು ಬರುತ್ತೆ, ಬರೀರಿ" ಎಂದರು.

ಕಳೆದ ಬುಧವಾರ ಮಧ್ಯಾಹ್ನ ಅವರು ಅವಳ ಅಂಗಡಿಗೆ ಬಂದರು. ಈ ಸಲ ಕಂಕುಳಲ್ಲಿ ಏನೂ ಇರಲಿಲ್ಲ. ಈಜು ಕಲಿಸುವಾಕೆ ಕೊಳದ ಕಟ್ಟೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ ಸುದ್ದಿ ಆಗಲೇ ಬಂದಿತ್ತು. ತಂಡದಲ್ಲಿ ಜಾಗ ಮತ್ತೆ ಖಾಲಿಯಾಗಿತ್ತು. ಕರಾರಿನಲ್ಲಿ ಉಳಿದಿದ್ದದ್ದು ಒಂದೇ ತಿಂಗಳು. ತಾಯಿ ಸ್ಟೂಲು ಎಳೆದು ಕೊಟ್ಟರು.

"ಆವತ್ತು ನಾನು ತಟ್ಟೆ ನೋಡಲಿಲ್ಲ ಕಣಮ್ಮ," ಎಂದರು ಮೇಷ್ಟ್ರು.

ಅವಳು ಚಿಮಟ ಕೆಳಗಿಟ್ಟಳು.

"ಚಾಳಿ. ಕುರ್ಚಿ ಬೇರೆ, ಕೆಲಸ ಬೇರೆ ಅಂತ ತಲೆಗೆ ಗೊತ್ತಿತ್ತು. ತೊಂಬತ್ತೊಂಬತ್ತು ತಟ್ಟೆ ನೆಟ್ಟಗೆ ನೋಡಿದೆ. ಕೊನೇದಕ್ಕೆ ನೀನು ಪುಲ್ ಅಂದೆ, ಕಣ್ಣು ನಿನ್ನ ಹೆಗಲಿಗೆ ಹೋಯ್ತು. ಹೆಗಲು ತಡವರಿಸಿತು. ತಪ್ಪಿತು ಅಂತ ಕೈ ತಾನಾಗಿ ಮೇಲೆ ಹೋಯ್ತು. ನಾನು ತಿರುಗೋ ಹೊತ್ತಿಗೆ ಬರೀ ಧೂಳು."

"ಆಯ್ಕೆ ಸಮಿತಿಗೆ ಹೇಳಿದ್ರಾ?"

"ನಿನ್ನೆ ಹೋಗಿ ಎಲ್ಲರೆದುರು ಹೇಳಿದೆ. ನೋಡಲಿಲ್ಲ ಅನ್ನೋದು ಸಾಕ್ಷಿ ಆಗಲ್ಲ ಅಂದ್ರು. ಚೂರು ಬಿದ್ದದ್ದು ಕಂಡೆ ಅಂತ ಒಂದು ಸಾಲು ಬರೆದುಕೊಟ್ರೆ ಜಾಗ ನಿಂದು. ಇಲ್ಲಾಂದ್ರೆ ಮೂರು ವಾರಕ್ಕೆ ಹೊಸ ಟ್ರಯಲ್ಲು. ಆರು ಜನ."

ಜೇಬಿನಿಂದ ಮಡಚಿದ ಕಾಗದ ತೆಗೆದು ಗಲ್ಲಾದ ಗಾಜಿನ ಮೇಲೆ ಅವಳ ಕಡೆಗೆ ಸರಿಸಿದರು. ಅವಳು ಬಿಡಿಸಿ ಓದಿದಳು. ದುಂಡನೆಯ ಅಕ್ಷರ, ಒಂದೇ ಸಾಲು, ಕೆಳಗೆ ಸಹಿ. ನಲವತ್ತೊಂದು ವರ್ಷದಲ್ಲಿ ಅವರು ಬರೆದ ಮೊದಲ ಸುಳ್ಳು ಇರಬೇಕು. ಎರಡು ಕಡೆ ಶಾಯಿ ಒತ್ತಿ ಹರಡಿತ್ತು.

"ಇಟ್ಕೊಳ್ಳೇ," ಎಂದರು ತಾಯಿ ಮೆಲ್ಲಗೆ. "ಆರು ಜನರ ಮಧ್ಯೆ ಏನಾಗುತ್ತೋ. ಮೇಷ್ಟ್ರು ಇಷ್ಟು ದೊಡ್ಡ ಮನಸ್ಸು ಮಾಡಿ ಬಂದಿದ್ದಾರೆ."

"ಚೂರು ಕಂಡ್ರಾ ಮೇಷ್ಟ್ರೇ?"

"ನನ್ನ ಕೈಯಿಂದ ಹೋದ ಜಾಗ. ನನ್ನ ಕೈಯಿಂದಲೇ ವಾಪಸ್ ಬರಲಿ ಅಂತ."

"ಕಂಡ್ರಾ?"

ಮೇಷ್ಟ್ರು ಗಾಜಿನೊಳಗಿನ ಗಡಿಯಾರಗಳನ್ನು ನೋಡುತ್ತ ಕೂತರು.

ಅವಳು ಕಾಗದವನ್ನು ಇದ್ದ ಮಡಿಕೆಗಳಲ್ಲೇ ಮಡಚಿ, ಅವರ ಕಡೆಗೆ ಹಿಂದಕ್ಕೆ ಸರಿಸಿದಳು.

"ಬೇಡ."

"ನಾಳೆ ಸಾಯಂಕಾಲದವರೆಗೂ ಟೈಮಿದೆ, ಯೋಚನೆ ಮಾಡಮ್ಮ."

"ನಾಳೇನೂ ಬೇಡ," ಎಂದಳು.